ಸ್ಟೂಲಿನಡಿಯ ಗೆರೆ

"ಅಕ್ಕಾ, ಸೊಂಟ ಹಿಡ್ಕೊಂಡ್ರೆ ನಿನ್ನ ಎತ್ತಿ ಕೂರ್ಸೋದು ನನ್ನ ಕೈಲಾಗಲ್ಲ. ಈಗ್ಲೇ ಹೇಳಿದ್ದೀನಿ."

ತಮ್ಮನ ಮಾತಿಗೆ ನಾನು ಕಿವಿಗೊಡಲಿಲ್ಲ. ಪ್ರದರ್ಶನದ ಕೋಣೆಯ ನೆಲದ ಮೇಲೆ ಅಂಗಾತ ಮಲಗಿ, ಕೈಯಲ್ಲಿ ಟಾರ್ಚ್ ಹಿಡಿದು, ಒಂದು ಎತ್ತರದ ಸ್ಟೂಲಿನ ಅಡಿಗೆ ತಲೆ ತೂರಿಸಿದ್ದೆ. ಸ್ಟೂಲನ್ನು ಅಲುಗಿಸಬಾರದು, ಮಗುಚಬಾರದು, ಮಧ್ಯಾಹ್ನ ಮೂರು ಗಂಟೆಯವರೆಗೆ ಎತ್ತಿಡಲೂ ಬಾರದು ಎಂದು ಪ್ರಾಂಶುಪಾಲರ ಅಪ್ಪಣೆ. ಆಯಿತು, ಎತ್ತುವುದಿಲ್ಲ. ಅಡಿಗೆ ನುಸುಳಬಾರದು ಎಂದು ಅವರೇನೂ ಹೇಳಿರಲಿಲ್ಲವಲ್ಲ!

ಮೂವತ್ತೊಂದು ವರ್ಷ ಪೊಲೀಸು ಕೆಲಸ ಮಾಡಿ ನಿವೃತ್ತಳಾದವಳು ನಾನು. ಅಪ್ಪಣೆಗಳ ಸಂದಿಗೊಂದಿಗಳನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಬಾಗಿಲಲ್ಲಿ ಕಾವಲಿಗೆ ಕೂತಿದ್ದ, ಕಾಲೇಜಿನ ಮರದ ಸ್ಟೋರು ನೋಡಿಕೊಳ್ಳುವ ಯಜಮಾನರು ಗಂಟಲು ಕೆರೆದರು. "ಮೇಡಂ, ಮುಟ್ಟಬಾರದು ಅಂದ್ರೆ…"

"ಮುಟ್ಟಿದ್ನೇನ್ರೀ? ಕೈ ಎರಡೂ ಕಾಣ್ತಾ ಇಲ್ವಾ ನಿಮಗೆ?"

ಕಂಡಿರಬೇಕು. ಅವರು ಕುರ್ಚಿಗೆ ಒರಗಿದರು.

ನಿನ್ನೆ ಪ್ರಾಂಶುಪಾಲರ ಮೇಜಿಗೆ ಹೆಸರಿಲ್ಲದ ಒಂದು ಪತ್ರ ಬಂದಿತ್ತು. ಟೈಪು ಮಾಡಿದ ಎರಡೇ ಸಾಲು. 'ಪ್ರದರ್ಶನದ ಮೊದಲ ಸ್ಥಾನಕ್ಕೆ ಆರಿಸಿದ ಸ್ಟೂಲನ್ನು ಮಾಡಿದ್ದು ಆ ಹುಡುಗಿಯಲ್ಲ, ಮೇಷ್ಟ್ರೇ ಮಾಡಿಕೊಟ್ಟಿದ್ದಾರೆ. ಅಡಿಯಲ್ಲಿ ನೋಡಿ.'

ಮೇಷ್ಟ್ರು ಎಂದರೆ ನನ್ನ ತಮ್ಮ. ಇಪ್ಪತ್ತೆರಡು ವರ್ಷದಿಂದ ಈ ಕಾಲೇಜಿನ ಮರಗೆಲಸದ ಕಾರ್ಯಾಗಾರ ನಡೆಸುತ್ತಿರುವವನು. ಪತ್ರದ ಮಾತು ನಿಜವೆಂದು ಮೂರು ಗಂಟೆಗೆ ತೀರ್ಮಾನವಾದರೆ ಅವನು ಇಂದೇ ಮನೆಗೆ ಹೋಗಬೇಕು, ಆ ಹುಡುಗಿಯ ಹೆಸರನ್ನು ಹಾಜರಿ ಪುಸ್ತಕದಿಂದ ಹೊಡೆದುಹಾಕುತ್ತಾರೆ.

ಹುಡುಗಿಯನ್ನು ಇಡೀ ತರಗತಿ ಗುಬ್ಬಿ ಎಂದು ಕರೆಯುತ್ತದೆ. ಆಕಾರಕ್ಕೆ ತಕ್ಕ ಹೆಸರೇ. ಅವಳ ಅಮ್ಮ ಇಸ್ತ್ರಿ ಅಂಗಡಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ನಿಂತೇ ಕೆಲಸ ಮಾಡುವಾಕೆ. ಅಮ್ಮನ ಮೊಣಕಾಲು ನೋಡಿ ನೋಡಿ ಗುಬ್ಬಿ ಈ ಸ್ಟೂಲನ್ನು ಕಲ್ಪಿಸಿಕೊಂಡಳಂತೆ. ಪೂರ್ತಿ ಕೂರುವುದೂ ಅಲ್ಲ, ಪೂರ್ತಿ ನಿಲ್ಲುವುದೂ ಅಲ್ಲ. ಹಲಗೆ ಮುಂದಕ್ಕೆ ತುಸು ಇಳಿಜಾರು. ಇಸ್ತ್ರಿ ಪೆಟ್ಟಿಗೆ ಮುಂದಕ್ಕೆ ತಳ್ಳುವಾಗ ಮೈ ಜೊತೆಗೇ ಹೋಗುತ್ತದೆ, ಹಿಂದಕ್ಕೆ ಎಳೆಯುವಾಗ ಹಲಗೆಯೇ ಭಾರ ಹೊರುತ್ತದೆ. ನಾಲ್ಕು ಕಾಲುಗಳನ್ನು ಹಲಗೆಯ ಕೆಳಗೇ ನಾಲ್ಕು ಅಡ್ಡಪಟ್ಟಿಗಳು ಬಿಗಿಹಿಡಿದಿವೆ. ಒಂದೇ ಒಂದು ಮೊಳೆ ಇಲ್ಲ. ಮರಕ್ಕೆ ಮರವೇ ಕಚ್ಚಿಕೊಂಡಿದೆ.

ನನಗೆ ಮರದ ವಿಷಯ ಏನೂ ಗೊತ್ತಿಲ್ಲ. ಆದರೂ ಅದರ ಅಡಿಯಲ್ಲಿ ಮಲಗಿ ನೋಡಿದಾಗ ಎದೆ ಉಬ್ಬಿತು. ಯಾರೂ ನೋಡದ ಜಾಗವನ್ನೂ ಆ ಹುಡುಗಿ ಕನ್ನಡಿಯ ಹಾಗೆ ನುಣುಪು ಮಾಡಿದ್ದಳು. ಇಂಥ ಶಿಷ್ಯೆಯನ್ನು ತಯಾರು ಮಾಡಿದವನು ನನ್ನ ತಮ್ಮ ಎಂಬ ಹೆಮ್ಮೆ ಬೇರೆ.

ಹೆಮ್ಮೆ ಅರ್ಧ ನಿಮಿಷವೂ ಉಳಿಯಲಿಲ್ಲ. ಟಾರ್ಚನ್ನು ಓರೆಯಾಗಿ ಹಿಡಿದ ಕೂಡಲೇ ಹಲಗೆಯ ನಡುವೆ ಒಂದು ಗೆರೆ ಕಂಡಿತು. ಪೆನ್ಸಿಲಿನದಲ್ಲ. ಮರವೇ ನೂಲೆಳೆಯಷ್ಟು ಉಬ್ಬಿಕೊಂಡ ಗೆರೆ. ಉಗುರು ತಾಕಿಸಿದರೆ ತಡೆಯುತ್ತಿತ್ತು.

"ತಮ್ಮಾ, ಬಗ್ಗಿ ನೋಡು. ಇದೇನು?"

ಅವನು ಮಂಡಿಯೂರಿ ನೋಡಿದ. ಒಂದೇ ಸಲ. ಆಮೇಲೆ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತ.

"ಏನೋ ಅದು?"

"ಕೀಸುಳಿ ಗೆರೆ," ಎಂದ. ಮರ ಕೀಸಿ ನುಣುಪು ಮಾಡುವ ಉಪಕರಣಕ್ಕೆ ಕೀಸುಳಿ ಎನ್ನುತ್ತಾರೆ ಎಂಬಷ್ಟು ನನಗೂ ಗೊತ್ತಿತ್ತು. "ಅಲಗು ಒಂದು ಕಡೆ ಮುಕ್ಕಾಗಿದ್ರೆ ಆ ಜಾಗದಲ್ಲಿ ಮರ ಕೀಸೋದಿಲ್ಲ. ಗೆರೆಯಾಗಿ ನಿಂತುಬಿಡುತ್ತೆ."

"ಯಾರ ಕೀಸುಳಿ?"

ಅವನು ಕಿಟಕಿಯ ಸರಳು ಹಿಡಿದುಕೊಂಡ.

"ಯಾರದೋ ಅಂತ ಕೇಳ್ದೆ!"

"ನಂದು ಅಕ್ಕಾ. ನನ್ನ ಚಿಕ್ಕ ಕೀಸುಳಿ. ಅಲಗು ಮುಕ್ಕಾಗಿರೋದು ಅದೊಂದೇ."

ಬಾಗಿಲಲ್ಲಿ ಕೂತಿದ್ದ ಯಜಮಾನರ ಕುರ್ಚಿ ಕಿರ್ರೆಂದಿತು. ಅವರ ಕಿವಿಗೆ ಬಿದ್ದದ್ದು ಮಧ್ಯಾಹ್ನದೊಳಗೆ ಊರಿಗೆಲ್ಲ ಬೀಳುತ್ತದೆ.

"ನೀನು ಈ ಸ್ಟೂಲಿಗೆ ಕೈ ಹಾಕಿದ್ಯಾ?"

"ಇಲ್ಲ."

"ಮತ್ತೆ ಹೇಗೆ ಬಂತು?"

ನನ್ನ ತಮ್ಮನಿಗೆ ಒಂದು ಕೆಟ್ಟ ಚಾಳಿ. ಚಿಕ್ಕವನಿದ್ದಾಗಿನಿಂದಲೂ ಅಷ್ಟೇ. ತಪ್ಪು ಮಾಡದೆ ಬೈಸಿಕೊಂಡರೆ ಬಾಯಿಗೆ ಬೀಗ ಹಾಕಿಕೊಂಡು ಬಿಡುತ್ತಾನೆ. ಅಪ್ಪನ ಹತ್ತಿರ ಎಷ್ಟೋ ಸಲ ಹೀಗೇ ಏಟು ತಿಂದಿದ್ದಾನೆ. ಆಗೆಲ್ಲ ಅವನ ಪರವಾಗಿ ವಾದ ಮಾಡಿದವಳು ನಾನೇ. ಈಗಲೂ ಅದೇ ಜಂಬ, ಅದೇ ಹಟ ಎಂದುಕೊಂಡೆ.

"ಬಾಯಿ ಬಿಡ್ತೀಯೋ ಇಲ್ವೋ?"

"ನಂಗೇನೂ ಹೇಳೋಕಿಲ್ಲ," ಎಂದು ಅವನು ಹೊರಗೆ ನಡೆದ.

ಮೊಂಡ! ಕೈಯಲ್ಲಿದ್ದ ಟಾರ್ಚನ್ನು ಎಸೆಯಬೇಕೆನ್ನಿಸಿತು. ಎಸೆಯಲಿಲ್ಲ. ಬದಲಿಗೆ ಅಳತೆಪಟ್ಟಿ ತೆಗೆದು ಗೆರೆಯನ್ನು ಅಳೆದೆ. ಏನೂ ತೋಚದಾಗ ಅಳೆಯಬೇಕು, ಬರೆದುಕೊಳ್ಳಬೇಕು. ನನ್ನ ಕೈಕೆಳಗಿನ ಹುಡುಗರಿಗೆಲ್ಲ ನಾನು ಹೇಳಿಕೊಟ್ಟ ಮೊದಲ ಪಾಠ ಅದು.

ಅಡ್ಡಪಟ್ಟಿಗಳ ನಡುವೆ ಹಲಗೆ ಹದಿನಾಲ್ಕು ಇಂಚು. ಗೆರೆ ಏಳೇ ಇಂಚು. ಒಂದು ಕಡೆ ಪಟ್ಟಿಯಿಂದ ಐದು ಇಂಚು ಬಿಟ್ಟು ಶುರುವಾಗಿ, ಇನ್ನೊಂದು ಕಡೆ ಪಟ್ಟಿಗೆ ಎರಡು ಇಂಚು ಇರುವಾಗಲೇ ನಿಂತಿತ್ತು.

ಅದರ ಅರ್ಥ ಆಗ ನನಗೆ ಹೊಳೆಯಲಿಲ್ಲ. ಬರೆದುಕೊಂಡೆ, ಅಷ್ಟೇ.

*

ಹೊರಗಿನ ಮೆಟ್ಟಿಲ ಮೇಲೆ ಗುಬ್ಬಿ ಕೂತಿದ್ದಳು. ಸ್ಟೂಲಿನ ಹತ್ತಿರ ಸುಳಿಯಬಾರದು ಎಂದು ಅವಳಿಗೂ ಅಪ್ಪಣೆಯಾಗಿತ್ತು. ಕಣ್ಣು ಕೆಂಪಗಿದ್ದವು, ಗದ್ದ ಮಾತ್ರ ಮೇಲಕ್ಕಿತ್ತು.

"ಅತ್ತಿದ್ದೀಯಾ?"

"ಇಲ್ಲ ಮೇಡಂ. ಮರದ ಹೊಟ್ಟು ಬಿತ್ತು ಕಣ್ಣಿಗೆ."

"ಎರಡೂ ಕಣ್ಣಿಗಾ?"

ಅವಳಿಗೆ ನಗು ಬಂತು, ತಡೆದುಕೊಂಡಳು. "ಮೂರು ಗಂಟೆಗೆ ಕರೆದ್ರೆ ಒಂದೇ ಮಾತು ಹೇಳ್ತೀನಿ ಮೇಡಂ. ಮರ ಕೊಡಿ, ಉಳಿ ಕೊಡಿ, ಎಲ್ರ ಮುಂದೇನೇ ಇನ್ನೊಂದು ಮಾಡ್ತೀನಿ. ಮೇಷ್ಟ್ರು ನನ್ನ ಮೇಜಿನ ಹತ್ರ ನಿಂತು ತಪ್ಪು ತೋರಿಸಿದ್ದಾರೆ, ನಾಲ್ಕು ಸಲ ಬಿಚ್ಚಿಸಿದ್ದಾರೆ, ಅಳಿಸಿದ್ದಾರೆ. ಉಳಿ ಮಾತ್ರ ಒಂದು ದಿನಾನೂ ಕೈಗೆ ತಗೊಂಡಿಲ್ಲ. 'ನಿನ್ನ ಕೈ ಕಲೀಬೇಕು, ನನ್ನ ಕೈ ಕಲಿತಾಗಿದೆ' ಅಂತಾರೆ."

ಆ ಮಾತು ಕೇಳಿ ನನಗೆ ಜೀವ ಬಂದ ಹಾಗಾಯಿತು. ಅದು ನನ್ನ ತಮ್ಮನ ಮಾತೇ. ನನಗೆ ಸೈಕಲ್ಲಿನ ಚೈನು ಹಾಕುವುದನ್ನು ಕಲಿಸುವಾಗಲೂ ಹೀಗೇ ಅಂದಿದ್ದ, ಆಗ ಅವನಿಗೆ ಹನ್ನೆರಡು ವರ್ಷ.

ಕಾರ್ಯಾಗಾರದೊಳಗೆ ಹೋದೆ. ಅಲ್ಲಿ ನನ್ನ ಅಳಿಯ ಒಬ್ಬನೇ ಉಳಿಗಳನ್ನು ಒರೆಸಿ ಸಾಲಾಗಿ ಇಡುತ್ತಿದ್ದ. ತಮ್ಮನ ಮಗ, ಅದೇ ತರಗತಿಯಲ್ಲಿ ಓದುತ್ತಾನೆ. ಜೊತೆಯವರು ಅವನನ್ನು ಚಿಕ್ಕ ಮೇಷ್ಟ್ರು ಎಂದು ಚುಡಾಯಿಸುತ್ತಾರೆ. ಅವನು ಮಾಡಿದ ಮಡಚುವ ಮೇಜನ್ನು ತಮ್ಮ ಎರಡನೆಯ ಸ್ಥಾನಕ್ಕೆ ಆರಿಸಿದ್ದ.

"ಅತ್ತೆ, ಟೀ ತರ್ಲಾ?"

"ಬೇಡಪ್ಪ. ಪತ್ರ ಯಾರು ಬರೆದಿರಬಹುದು ಅಂತೀಯ?"

"ಯಾರೋ ಹೊಟ್ಟೆ ಉರಿದವರು," ಎಂದ. ತಲೆ ಎತ್ತಲಿಲ್ಲ. "ಸ್ಟೋರಿನ ಯಜಮಾನ್ರು ಇದ್ದಾರಲ್ಲ. ಬಿರುಕು ಬಿಟ್ಟ ಹಲಗೆ ತಂದ್ರು ಅಂತ ಅಪ್ಪ ಎಲ್ರ ಎದುರಿಗೇ ವಾಪಸು ಕಳಿಸಿದ್ರು."

ಯಜಮಾನರನ್ನು ನಾನು ಬೆಳಿಗ್ಗೆಯೇ ವಿಚಾರಿಸಿಯಾಗಿತ್ತು. "ನಂಗೆ ಸಿಟ್ಟು ಬಂದ್ರೆ ಪತ್ರ ಬರೀತೀನಾ ಮೇಡಂ? ಬಾಯಲ್ಲೇ ಬೈದು ಹಾಕಿದ್ದೀನಿ ನಿಮ್ಮ ತಮ್ಮನಿಗೆ, ಮೂರು ದಿನ. ಟೈಪು ಮಾಡೋ ಪುರುಸೊತ್ತು ಯಾರಿಗಿದೆ?" ಎಂದಿದ್ದರು. ನಂಬುವ ಹಾಗಿತ್ತು. ಬೈಯುವ ಬಾಯಿ ಇದ್ದವರು ಹೆಸರಿಲ್ಲದ ಪತ್ರ ಬರೆಯುವುದು ಕಡಿಮೆ.

"ನಿನ್ನ ಮೇಜು ನೋಡ್ದೆ ಕಣೋ," ಎಂದೆ ಅಳಿಯನಿಗೆ. "ಎಷ್ಟು ಚೆನ್ನಾಗಿ ಮಡಚ್ಕೊಳುತ್ತೆ!"

ಅವನು ನಕ್ಕ. "ನೀವೊಬ್ರಾದ್ರೂ ಹೇಳಿದ್ರಲ್ಲ ಅತ್ತೆ. ಅಪ್ಪ ನನ್ನ ಮೇಜಿನ ಹತ್ರ ನಿಂತದ್ದು ಎರಡು ನಿಮಿಷ. ಗುಬ್ಬಿ ಸ್ಟೂಲಿನ ಹತ್ರ ಅರ್ಧ ಗಂಟೆ."

"ಅಪ್ಪನ್ನ ಕೇಳ್ಬೇಕಿತ್ತು, ಹೇಗಿದೆ ಅಂತ."

"ಕೇಳ್ದೆ. 'ಹೂಂ' ಅಂದ್ರು."

ಇದೂ ತಮ್ಮನ ಚಾಳಿಯೇ. ಹೋದ ವಾರ ನನ್ನ ಮನೆಗೆ ಬಂದವನು ಮಗನ ಮೇಜಿನ ಬಗ್ಗೆ ಒಂದು ಗಂಟೆ ಕೊರೆದಿದ್ದ. ಅದರ ಕೀಲು ಹಾಗೆ, ಅದರ ಅಂಚು ಹೀಗೆ, ಆ ವಯಸ್ಸಿನಲ್ಲಿ ನನಗೆ ಅಂಥ ಕೈ ಇರಲಿಲ್ಲ ಅಕ್ಕಾ ಎಂದು ಕಣ್ಣೊರೆಸಿಕೊಂಡಿದ್ದ. ಕೊನೆಗೆ, "ಅವನ ಮುಂದೆ ಬಾಯಿ ಬಿಡ್ಬೇಡ, ತರಗತೀಲಿ ಮಗನನ್ನ ಹೊಗಳ್ತಾನೆ ಅನ್ಸಿಕೊಳ್ಳೋಕೆ ನಂಗಿಷ್ಟ ಇಲ್ಲ," ಎಂದು ಆಣೆ ಹಾಕಿಸಿದ್ದ. ಆಣೆ ಮುರಿದು ಈಗಲೇ ಹೇಳಿಬಿಡಲೇ ಎಂದು ನಾಲಗೆಯ ತುದಿಗೆ ಬಂತು. ಹೇಳಲಿಲ್ಲ. ಕೆಲಸದ ಗಡಿಬಿಡಿಯಲ್ಲಿದ್ದೆ.

ಅಳಿಯ ಕೈಯೊರೆಸಿಕೊಂಡು ಹೊರಗೆ ಹೋದ.

ಕಾರ್ಯಾಗಾರದ ಮೂಲೆಯಲ್ಲಿ ಎಲ್ಲರ ಕಚ್ಚಾ ಮಾದರಿಗಳು ಒಂದರ ಮೇಲೊಂದು ಪೇರಿಸಿದ್ದವು. ಇಲ್ಲಿನ ನಿಯಮ ಅದು. ಒಳ್ಳೆಯ ಮರ ಕೈಗೆ ಸಿಗಬೇಕಾದರೆ ಮೊದಲು ಹಳೆಯ ಪೆಟ್ಟಿಗೆಗಳ ಹಲಗೆಯಲ್ಲಿ ಅದೇ ಅಳತೆಯ ವಸ್ತುವನ್ನು ಮಾಡಿ ತೋರಿಸಬೇಕು. ಗುಬ್ಬಿಯ ಕಚ್ಚಾ ಸ್ಟೂಲನ್ನು ಹುಡುಕಿ ಎಳೆದು ತಂದೆ. ನೋಡಲು ಕುರೂಪ, ಅಳತೆ ಮಾತ್ರ ತದ್ರೂಪ. ಅದನ್ನು ಮೇಜಿನ ಮೇಲೆ ಬೋರಲು ಹಾಕಿದೆ.

ಯಜಮಾನರು ತಮ್ಮ ಕಿವಿಗೆ ಬಿದ್ದದ್ದನ್ನು ಅಷ್ಟರಲ್ಲೇ ಮುಟ್ಟಿಸಿದ್ದರಿಂದ, ತಮ್ಮನ ಕೀಸುಳಿಯನ್ನು ಪ್ರಾಂಶುಪಾಲರು ಅವನ ಬೀಗದ ಪೆಟ್ಟಿಗೆಯಿಂದ ತೆಗೆಸಿ ಬೇರೆ ಇಟ್ಟಿದ್ದರು. ಅದರಷ್ಟೇ ಉದ್ದದ ಇನ್ನೊಂದು ಕಪಾಟಿನಲ್ಲಿ ಸಿಕ್ಕಿತು. ಮುಕ್ಕಾಲು ಗೇಣು ಉದ್ದ, ಹಿಡಿಯಲು ಹಿತವಾಗಿತ್ತು. ಕಳ್ಳನನ್ನು ಹಿಡಿಯಬೇಕಾದರೆ ಕಳ್ಳನು ನಿಂತಲ್ಲಿ ನಿಲ್ಲಬೇಕು ಎನ್ನುವುದು ನನ್ನ ಕೆಲಸದ ರೀತಿ. ಸರಿ, ಕೀಸಿಯೇ ನೋಡೋಣ ಎಂದು ಹಲಗೆಯ ಮೇಲಿಟ್ಟು ಮುಂದಕ್ಕೆ ತಳ್ಳಿದೆ.

ಟಕ್!

ಕೀಸುಳಿಯ ಮೂತಿ ಎದುರಿನ ಅಡ್ಡಪಟ್ಟಿಗೆ ಬಡಿದು ನಿಂತಿತು. ಹಿಂದಕ್ಕೆ ಎಳೆದೆ. ಟಕ್! ಈಗ ಅದರ ಹಿಂಭಾಗ ಈಚೆಯ ಪಟ್ಟಿಗೆ ತಾಗಿತು. ಮತ್ತೆ ಜೋರಾಗಿ ತಳ್ಳಿದೆ. ಈ ಸಲ ಬೆರಳಗೆಣ್ಣು ಪಟ್ಟಿಗೆ ಉಜ್ಜಿ ಚರ್ಮ ಕಿತ್ತು ಬಂತು.

"ಅಯ್ಯಯ್ಯೋ, ಹಾಳಾದ್ದು!"

ಬೈಯುತ್ತಲೇ ಕೀಸಿದ ಜಾಗ ನೋಡಿದೆ. ಬೈಗುಳ ಅಲ್ಲೇ ನಿಂತಿತು. ಕೀಸಿದ್ದು ನಡುವಿನ ಭಾಗ ಮಾತ್ರ. ಎರಡೂ ತುದಿಗೆ ಅಲಗು ತಲುಪಿಯೇ ಇರಲಿಲ್ಲ!

ಅಳತೆಪಟ್ಟಿ ತೆಗೆದು ಕೀಸುಳಿಯನ್ನೇ ಅಳೆದೆ. ಕೀಸುಳಿಯ ಮೂತಿಯಿಂದ ಅಲಗಿಗೆ ಎರಡು ಇಂಚು. ಅಲಗಿನಿಂದ ಹಿಂಭಾಗಕ್ಕೆ ಐದು ಇಂಚು. ನನ್ನ ಪುಸ್ತಕದಲ್ಲಿ ಬರೆದದ್ದೂ ಎರಡು ಮತ್ತು ಐದು.

ಪೊಲೀಸಿನಲ್ಲಿ ನನಗೆ ಮೂರು ಪದಕ ಬಂದಿವೆ. ಮೂರನ್ನೂ ಒಟ್ಟಿಗೆ ಎದೆಗೆ ಚುಚ್ಚಿಕೊಂಡ ದಿನವೂ ಇಷ್ಟು ಬೀಗಿರಲಿಲ್ಲ.

*

ಮೂರು ಗಂಟೆಗೆ ಪ್ರದರ್ಶನದ ಕೋಣೆ ತುಂಬಿತ್ತು. ಮುಂದಿನ ಸಾಲಿನಲ್ಲಿ ಪ್ರಾಂಶುಪಾಲರು, ಅವರ ಪಕ್ಕದಲ್ಲಿ, ತಮ್ಮನ ಆಯ್ಕೆಗೆ ಕೊನೆಯ ತೀರ್ಪು ಹೇಳಲು ಬಂದಿದ್ದ ಪೀಠೋಪಕರಣ ಕಾರ್ಖಾನೆಯ ಒಡತಿ. ಹಿಂದೆ ಗೋಡೆಗೆ ಒರಗಿ ತರಗತಿಯ ಹದಿನಾಲ್ಕು ಮಕ್ಕಳು. ತಮ್ಮ ಕಿಟಕಿಯ ಹತ್ತಿರ ಒಂಟಿಯಾಗಿ ಕೈಕಟ್ಟಿ ನಿಂತಿದ್ದ.

ಪ್ರಾಂಶುಪಾಲರು ಸ್ಟೂಲನ್ನು ಮಗುಚಿಸಿದರು. ತಮ್ಮನ ಕೀಸುಳಿಯಿಂದ ಬೇರೆ ಹಲಗೆಯೊಂದನ್ನು ಕೀಸಿಸಿ, ಎರಡೂ ಗೆರೆಗಳನ್ನು ಒಡತಿಗೆ ತೋರಿಸಿದರು.

"ಒಂದೇ ಗೆರೆ," ಎಂದಳು ಆಕೆ. "ಅನುಮಾನವೇ ಇಲ್ಲ."

"ಮೇಷ್ಟ್ರೇ, ಇದು ನಿಮ್ಮ ಕೀಸುಳಿಯೇ ತಾನೇ?"

"ಹೌದು ಸಾರ್."

"ಹಾಗಾದ್ರೆ ಇನ್ನೇನು ಉಳೀತು?" ಪ್ರಾಂಶುಪಾಲರು ಕಾಗದ ತೆಗೆದರು.

"ನಾನು ಉಳಿದಿದ್ದೀನಲ್ಲ!" ಎಂದು ನಾನು ಎದ್ದೆ. ಕಚ್ಚಾ ಸ್ಟೂಲನ್ನು ಹೊತ್ತು ತಂದು ಅವರ ಎದುರಿಗೇ ಕುಕ್ಕಿದೆ. "ಸಾರ್, ಮೇಲೇಳಿ. ಈ ಕೀಸುಳಿ ತಗೊಳ್ಳಿ. ಇದರ ಅಡೀಲಿ ಒಂದು ಗೆರೆ ಎಳೀರಿ ನೋಡೋಣ. ಈ ಪಟ್ಟಿಯಿಂದ ಆ ಪಟ್ಟಿಯವರೆಗೂ."

"ನಾನಾ? ನಾನು ಲೆಕ್ಕದ ಮೇಷ್ಟ್ರಾಗಿದ್ದವನು ಮೇಡಂ."

"ನಾನು ಕಳ್ಳರನ್ನ ಹಿಡೀತಿದ್ದವಳು. ನನ್ನ ಕೈಲಾಗಿದೆ, ನಿಮ್ಮ ಕೈಲಾಗಲ್ವಾ?"

ಮಕ್ಕಳು ಕಿಸಕ್ಕೆಂದರು. ಪ್ರಾಂಶುಪಾಲರು ತೋಳು ಮಡಚಿ ತಳ್ಳಿದರು. ಟಕ್. ಎಳೆದರು. ಟಕ್. ಮೂರನೆಯ ಸಲ ಬೆರಳಗೆಣ್ಣು ಪಟ್ಟಿಗೆ ಉಜ್ಜಿ "ಅಮ್ಮಾ!" ಎಂದು ಕೈ ಒದರಿದರು.

"ತುದಿ ಮುಟ್ಟಿತಾ ಸಾರ್?"

"ಎಲ್ಲಿ ಮುಟ್ಟುತ್ತೆ? ಪಟ್ಟಿ ಅಡ್ಡ ಬರುತ್ತಲ್ಲ!"

"ಅದೇ ನಾನು ಹೇಳ್ತಿರೋದು! ಸ್ಟೂಲು ಮಾಡುವಾಗ ಹಲಗೇನ ಯಾವಾಗ ಕೀಸ್ತಾರೆ? ಕಾಲು, ಪಟ್ಟಿ ಕೂಡಿಸೋಕೆ ಮುಂಚೆ. ಆಗ ಹಲಗೆ ಬರಿದಾಗಿರುತ್ತೆ, ಗೆರೆ ಈ ಅಂಚಿನಿಂದ ಆ ಅಂಚಿಗೆ ಓಡುತ್ತೆ. ಈ ಗೆರೆ ಓಡಿಲ್ಲ. ಒಂದು ಕಡೆ ಎರಡು ಇಂಚು, ಇನ್ನೊಂದು ಕಡೆ ಐದು ಇಂಚು ಬಿಟ್ಟು ನಿಂತಿದೆ. ಈ ಕೀಸುಳಿಯ ಮೂತಿ ಎರಡು ಇಂಚು, ಹಿಂಭಾಗ ಐದು ಇಂಚು. ಅಳೀರಿ, ಬೇಕಾದ್ರೆ ನೀವೇ ಅಳೀರಿ! ಸ್ಟೂಲು ಪೂರ್ತಿ ಆದ ಮೇಲೆ ಯಾರೋ ಇದನ್ನ ಬೋರಲು ಹಾಕಿ, ಬೇಕಂತಲೇ ಈ ಗೆರೆ ಎಳೆದು, ಹೊಸದಾಗಿ ಕೀಸಿದ್ದು ಕಾಣದ ಹಾಗೆ ಮೇಲೆ ಎಣ್ಣೆ ಸವರಿದ್ದಾರೆ."

ಒಡತಿ ತಾನೇ ಅಳತೆಪಟ್ಟಿ ಹಿಡಿದು ಬಗ್ಗಿದಳು. ಎರಡು ಸಲ ಅಳೆದಳು. "ಮೇಡಂ ಹೇಳೋದು ಸರಿ. ನಲವತ್ತು ವರ್ಷದಿಂದ ಮರದ ನಡುವೆ ಇದ್ದೀನಿ, ನಂಗೇ ಹೊಳೀಲಿಲ್ಲ ನೋಡಿ."

ಹಿಂದಿನಿಂದ ಗುಬ್ಬಿ ನುಗ್ಗಿ ಬಂದಳು. ಗೆರೆಯನ್ನು ಅವಳು ನೋಡಿದ್ದು ಆಗಲೇ ಮೊದಲು.

"ಸಾರ್, ಆ ಕೀಸುಳಿ ಮುಕ್ಕಾದದ್ದೇ ಗುರುವಾರ! ಹಳೇ ಬಾಗಿಲಿನ ಹಲಗೆ ಒಳಗೆ ಮೊಳೆ ಇತ್ತು, ಮೇಷ್ಟ್ರು ಕೀಸುವಾಗ ಬಡೀತು. ನಾವೆಲ್ಲ ಸುತ್ತ ನಿಂತಿದ್ವಿ. ನನ್ನ ಸ್ಟೂಲಿಗೆ ಗೋಂದು ಹಾಕಿ ಕೂಡಿಸಿದ್ದು ಮಂಗಳವಾರ. ಮಂಗಳವಾರದ ಸ್ಟೂಲಿಗೆ ಗುರುವಾರದ ಗೆರೆ ಹೇಗೆ ಬರುತ್ತೆ ಸಾರ್?"

"ಹೌದು ಸಾರ್, ಹೌದು!" ಎಂದು ಹಿಂದಿನ ಸಾಲು ಒಟ್ಟಿಗೆ ಕೂಗಿತು.

ಪ್ರಾಂಶುಪಾಲರು ಕಾಗದವನ್ನು ನಾಲ್ಕಾಗಿ ಹರಿದರು. ಚಪ್ಪಾಳೆ ಬಿತ್ತು. ಗುಬ್ಬಿ ಈಗ ನಿಜವಾಗಿ ಅತ್ತಳು, ಹೊಟ್ಟಿನ ನೆಪ ಹೇಳಲಿಲ್ಲ. ಒಡತಿ ಅವಳ ಹೆಗಲು ಹಿಡಿದು, "ಓದು ಮುಗಿದ ದಿನ ನನ್ನ ಕಾರ್ಖಾನೆಗೆ ಬಾ. ಬೇರೆ ಕಡೆ ಹೋದ್ರೆ ನೋಡು ಮತ್ತೆ," ಎಂದು ಗದರಿಸಿದಳು. ಇಪ್ಪತ್ತೆರಡು ವರ್ಷದ ದುಡಿಮೆಗೆ ಮಸಿ ಬಳಿಯಲು ಬಂದವರ ಮುಖಕ್ಕೆ ಹೊಡೆದ ಹಾಗಾಯಿತು ಎಂದು ನಾನು ಬೀಗಿಕೊಂಡು ತಮ್ಮನ ಕಡೆ ತಿರುಗಿದೆ.

ಅವನ ಮುಖದಲ್ಲಿ ರಕ್ತವೇ ಇರಲಿಲ್ಲ.

ಆಗ ನನಗೆ ತಟ್ಟಿತು. ಕೀಸುಳಿ ಗುರುವಾರ ಮುಕ್ಕಾದದ್ದು ಅವನಿಗೂ ಗೊತ್ತಿತ್ತಲ್ಲ! ಬಡಿದದ್ದು ಅವನ ಕೈಯಲ್ಲೇ. ಬೆಳಿಗ್ಗೆ ಗೆರೆ ನೋಡಿದ ಕೂಡಲೇ ಇದು ಆಮೇಲೆ ಎಳೆದ ಗೆರೆ ಎಂದು ಅವನಿಗೆ ಹೊಳೆದಿರಬೇಕು. ಒಂದು ಮಾತು ಹೇಳಿದ್ದರೆ ಸಾಕಿತ್ತು. ನಾನು ಬೆರಳು ಕಿತ್ತುಕೊಳ್ಳುವುದು ಬೇಕಿರಲಿಲ್ಲ. ಯಾಕೆ ಹೇಳಲಿಲ್ಲ?

"ಶನಿವಾರ ಬೆಳಿಗ್ಗೆಯಿಂದ ಸ್ಟೂಲು ಈ ಕೋಣೇಲಿ, ನನ್ನ ಬೀಗದಲ್ಲೇ ಇದೆ," ಎನ್ನುತ್ತಾ ಪ್ರಾಂಶುಪಾಲರು ಈಗ ಉತ್ಸಾಹದಿಂದ ಪತ್ತೇದಾರಿಕೆಗೆ ಇಳಿದರು. "ಗುರುವಾರ ಸಂಜೆ ಬಾಗಿಲು ಹಾಕೋವರೆಗೂ ಎಲ್ರೂ ಇದ್ರಿ. ಅಂದ್ರೆ ಶುಕ್ರವಾರ. ಆದ್ರೆ ಮೇಷ್ಟ್ರ ಪೆಟ್ಟಿಗೆಗೆ ಬೀಗ ಇತ್ತಲ್ಲ ಯಜಮಾನ್ರೇ?"

"ಇತ್ತು ಸಾರ್. ಎರಡೇ ಬೀಗದ ಕೈ. ಒಂದು ಮೇಷ್ಟ್ರ ಕುತ್ತಿಗೇಲಿ, ಯಾವಾಗಲೂ. ಇನ್ನೊಂದು ಅವರ ಮನೇಲಿ."

ಅವರ ಮನೆಯಲ್ಲಿ ಇರುವವರು ಮೂವರು. ತಮ್ಮ, ಅವನ ಹೆಂಡತಿ, ಮಗ.

ಪ್ರಾಂಶುಪಾಲರು ಚರ್ಮ ಕಿತ್ತ ಬೆರಳನ್ನು ಊದಿಕೊಳ್ಳುತ್ತಿದ್ದರು. ನನ್ನ ಬೆರಳೂ ಉರಿಯುತ್ತಿತ್ತು. ಆ ಪಟ್ಟಿಗಳ ನಡುವೆ ಕೀಸಿದವರಿಗೆಲ್ಲ ಇದೇ ಗತಿ. ನಾನು ನಿಧಾನವಾಗಿ ಹಿಂದಿನ ಸಾಲಿನ ಕೈಗಳನ್ನು ನೋಡುತ್ತಾ ಹೋದೆ. ಕೊನೆಯಲ್ಲಿ ಅಳಿಯ ನಿಂತಿದ್ದ. ಅವನ ಬಲಗೈಯ ಎರಡು ಬೆರಳಗೆಣ್ಣಿನ ಮೇಲೆ ಕಪ್ಪಾಗಿ ಒಣಗಿದ ಗಾಯ. ನಾಲ್ಕೈದು ದಿನದ್ದು.

ನಾನು ನೋಡಿದ್ದನ್ನು ಅವನು ನೋಡಿದ. ಕೈಯನ್ನು ಬೆನ್ನ ಹಿಂದೆ ಎಳೆದುಕೊಂಡ.

ಎರಡು ನಿಮಿಷ ಮತ್ತು ಅರ್ಧ ಗಂಟೆ. ಬರೀ ಒಂದು 'ಹೂಂ'. ಅಯ್ಯೋ ಹುಚ್ಚಪ್ಪಾ, ಅಷ್ಟಕ್ಕೆ ಇಷ್ಟು ಮಾಡೋದಾ! ಬೈಯಬೇಕೋ, ಅಪ್ಪಿಕೊಳ್ಳಬೇಕೋ ತಿಳಿಯದೆ ನಿಂತೆ. ಅವನು ಸಿಕ್ಕಿಬಿದ್ದರೆ ಕಾಲೇಜು ಬಿಡಿಸುತ್ತಾರೆ. ಆ ಕೈಗೆ ಇನ್ನು ಯಾರೂ ಉಳಿ ಕೊಡುವುದಿಲ್ಲ.

"ಮನೇಲಿ ಅಂದ್ರೆ…" ಎಂದು ಪ್ರಾಂಶುಪಾಲರು ಅಳಿಯನ ಕಡೆ ತಿರುಗುತ್ತಿದ್ದರು.

"ಹುಡುಕೋ ತೊಂದ್ರೆ ಬೇಡ ಸಾರ್," ಎಂದ ನನ್ನ ತಮ್ಮ.

ಬೆಳಗಿನಿಂದ ಬಾಯಿ ಬಿಡದವನು ಕಿಟಕಿ ಬಿಟ್ಟು ಕೋಣೆಯ ನಡುವೆ ಬಂದು ನಿಂತ. ದನಿ ಗಟ್ಟಿಯಾಗಿತ್ತು, ಪಾಠ ಹೇಳುವಾಗ ಇರುವ ಹಾಗೇ.

"ಆ ಗೆರೆ ಎಳೆದದ್ದು ನಾನೇ. ಪತ್ರ ಬರೆದದ್ದೂ ನಾನೇ."

ಗುಬ್ಬಿ "ಮೇಷ್ಟ್ರೇ" ಎಂದಳು. ಅದು ಅವಳಿಗೇ ಕೇಳಿಸಿತೋ ಇಲ್ಲವೋ.

"ಏನ್ರೀ ಇದು?" ಪ್ರಾಂಶುಪಾಲರು ತೊದಲಿದರು. "ನಿಮ್ಮ ಮೇಲೆ ನೀವೇ ದೂರು ಕೊಡ್ತೀರಾ?"

"ಹೊಟ್ಟೆಕಿಚ್ಚು ಸಾರ್. ಈ ಕೈಯಲ್ಲಿ ಇಪ್ಪತ್ತೆರಡು ವರ್ಷದಲ್ಲಿ ಇಂಥದ್ದೊಂದು ಆಗ್ಲಿಲ್ಲ. ಅವಳು ಎರಡನೇ ವರ್ಷದಲ್ಲೇ ಮಾಡಿಟ್ಟಳು. ಅದು ನನ್ನ ಕೆಲಸ ಅಂತ ಜನ ಅಂದುಕೊಳ್ಳಲಿ ಅನ್ನೋ ದುರಾಸೆ ಬಂತು. ಸ್ಟೂಲು ಮಾತ್ರ ಪೂರ್ತಿ ಅವಳದ್ದೇ. ಅದ್ರಲ್ಲಿ ಎಳ್ಳಷ್ಟೂ ಅನುಮಾನ ಬೇಡ." ಹಿಂದಿನ ಸಾಲಿನ ಕಡೆ ನೋಡದೆಯೇ, "ಆ ಮಡಚೋ ಮೇಜೂ ಅಷ್ಟೇ ಸಾರ್. ಅದನ್ನ ಮಾಡಿದ ಕೈ ನನ್ನ ಕೈಗಿಂತ ದೊಡ್ಡದಾಗುತ್ತೆ. ಬರ್ಕೊಳ್ಳಿ," ಎಂದ.

ಹಿಂದಿನಿಂದ ಬಿಕ್ಕಿದ ಸದ್ದು ಬಂತು. ಯಾರದೆಂದು ತಿರುಗಿ ನೋಡುವ ಧೈರ್ಯ ನನಗಾಗಲಿಲ್ಲ.

"ಆದ್ರೆ ಶುಕ್ರವಾರ ನೀವು ರಜೆ ಹಾಕಿದ್ರಲ್ಲ ಮೇಷ್ಟ್ರೇ?"

"ಊಟದ ಹೊತ್ತಿಗೆ ಬಂದಿದ್ದೆ ಸಾರ್. ಕಾರ್ಯಾಗಾರದಲ್ಲಿ ಯಾರೂ ಇರ್ಲಿಲ್ಲ. ಕೆಲಸ ಮುಗಿಸಿ ಹೋದೆ."

ಶುಕ್ರವಾರ ನಾನು ದವಡೆ ಹಲ್ಲು ಕೀಳಿಸಿಕೊಂಡಿದ್ದೆ. ಬೆಳಿಗ್ಗೆ ಹತ್ತಕ್ಕೆ ನನ್ನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದವನು ಇವನು. ಅಲ್ಲಿ ಉದ್ದದ ಸಾಲು; ಸಂಜೆ ನಾಲ್ಕರವರೆಗೆ ನನ್ನ ಪಕ್ಕದಲ್ಲೇ, ನನ್ನ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಬೆಂಚಿನ ಮೇಲೆ ಕೂತಿದ್ದ. ನನಗಿಂತ ಅವನೇ ಹೆದರಿದ್ದ. ನೀರು ಕುಡಿಯಲು ಕೂಡ ಎದ್ದಿರಲಿಲ್ಲ.

ತಮ್ಮ ಮೊದಲ ಸಲ ನನ್ನ ಕಣ್ಣಲ್ಲಿ ಕಣ್ಣಿಟ್ಟ. ಹುಟ್ಟಿದಾಗಿನಿಂದ ಅವನು ನನ್ನ ಹತ್ತಿರ ಏನನ್ನೂ ಕೇಳಿದವನಲ್ಲ. ಅಪ್ಪ ಹೊಡೆದಾಗಲೂ ಬಿಡಿಸು ಎಂದಿರಲಿಲ್ಲ.

"ಆವತ್ತು ನಾನು ಅಕ್ಕನ ಜೊತೆಗಿದ್ದೆ ಸಾರ್. ಊಟದ ಹೊತ್ತಿಗೆ ಮಾತ್ರ ಎದ್ದು ಬಂದಿದ್ದೆ. ಅಕ್ಕನ್ನೇ ಕೇಳಿ," ಎಂದ. "ಅವಳು ಸುಳ್ಳು ಹೇಳೋಳಲ್ಲ."

ಪ್ರಾಂಶುಪಾಲರು ಹೊಸ ಕಾಗದ ಎಳೆದುಕೊಂಡರು, ಪೆನ್ನಿನ ಮುಚ್ಚಳ ತೆಗೆದರು.

"ಹೇಳಿ ಮೇಡಂ. ನೀವು ಹೇಳಿದ್ದನ್ನೇ ಬರ್ಕೋತೀನಿ, ಬೇರೆ ಸಾಕ್ಷಿ ನಮಗೆ ಬೇಡ."

ನಾನು ಕುರ್ಚಿಯ ಬೆನ್ನು ಹಿಡಿದು ನೆಟ್ಟಗೆ ನಿಂತೆ.